ಥಾಯ್ ಬೆಳ್ಳಿ ಬಟ್ಟಲಲ್ಲಿ ಬರ್ಮಾದ ಕೈ ಗುರುತಿಸೋದು ಹೇಗೆ

ಕವಳ ಹಾಕುವ ಮಲೆನಾಡಿನವರಿಗೆ ಹಳೇ ಥಾಯ್ ಬೆಳ್ಳಿ ಸೆಟ್ಟಿನ ಬಳಕೆ ವಿವರಿಸಬೇಕಿಲ್ಲ. ಸುಣ್ಣಕ್ಕೊಂದು ಡಬ್ಬಿ, ಅಡಿಕೆಗೊಂದು, ಎಲೆ ನಿಲ್ಲಿಸೋಕೆ ಕೊಳವೆಯಂಥದ್ದೊಂದು. ತಲೆ ಕೆಡಿಸೋದು ಮೇಲಿನ ಕೆತ್ತನೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಯಾರಾದರೂ ಇಂಥ ಬಟ್ಟಲು ಮಾರೋಕೆ ತಂದರೆ ಹೊರಗಿನ ಚಂದಕ್ಕೆ ಮರುಳಾಗಬೇಡಿ, ಮೊದಲು ಒಳಗೆ ಬೆರಳಾಡಿಸಿ.

ಕೈಕೆಲಸವಾದರೆ ಹೊರಗೆ ಉಬ್ಬಿದ್ದು ಒಳಗೆ ತಗ್ಗಾಗಿರುತ್ತದೆ, ಯಾಕಂದ್ರೆ ತಗಡನ್ನು ಒಳಗಿಂದ ಬಡಿದು ಉಬ್ಬಿಸಿ, ಆಮೇಲೆ ಹೊರಗಿಂದ ಚಾಣದಲ್ಲಿ ಗೆರೆ ತಿದ್ದುತ್ತಾರೆ. ತಗ್ಗುಗಳೆಲ್ಲ ಒಂದೇ ಅಚ್ಚಿನವಾದರೆ ಅನುಮಾನ ಪಡಿ.

ಥಾಯ್ಲೆಂಡಿನ ಉತ್ತರಕ್ಕೆ, ಚಿಯಾಂಗ್ ಮಾಯ್ ಇರೋ ಲಾನ್ನಾ ಸೀಮೆ 1558ರಿಂದ ಇನ್ನೂರು ವರ್ಷಕ್ಕೂ ಜಾಸ್ತಿ, ಬಹುಪಾಲು ಬರ್ಮಾದ ಹಿಡಿತದಲ್ಲಿತ್ತು. ಅವರನ್ನು ಓಡಿಸಿದ ಮೇಲೆ ಪಾಳುಬಿದ್ದ ಊರು ತುಂಬಿಸೋಕೆ ರಾಜ ಕಾವಿಲ ಸಾಲ್ವೀನ್ ನದಿ ಕಡೆಯಿಂದ ಜನರನ್ನು ತಂದ. ಅವರ ಜೊತೆ ಬೆಳ್ಳಿ ಕೆಲಸದವರೂ ಬಂದರು. ಚಿಯಾಂಗ್ ಮಾಯ್‌ನ ವುವಾ ಲಾಯ್ ಬೀದಿಯಲ್ಲಿ ಆ ಕಸುಬು ಇವತ್ತಿಗೂ ಇದೆ.

ಹಾಗಾಗಿ ಲಾನ್ನಾ, ಬರ್ಮಾ ಎರಡೂ ಶೈಲಿ ಬೆರೆತಿರುತ್ತವೆ. ಆಳವಾಗಿ ಉಬ್ಬಿದ ಆಕೃತಿಗಳು, ಜಾತಕ ಕಥೆ ಅಥವಾ ರಾಮಾಯಣದ ದೃಶ್ಯ, ಬುಡದಲ್ಲಿ ಕಮಲದ ಎಸಳಿನ ಪಟ್ಟಿ ಕಂಡರೆ ಬರ್ಮಾದ ಕೈ ಜೋರಾಗಿದೆ ಅನ್ನಿ. ಸುತ್ತ ಹನ್ನೆರಡು ಪ್ರಾಣಿಗಳಿದ್ದರೆ ಅದು ಚೀನೀಯರ ಥರ ವರ್ಷಕ್ಕೊಂದು ಪ್ರಾಣಿ ಲೆಕ್ಕದ ವರ್ಷಚಕ್ರ. ಕೊನೆಯದನ್ನು ಹುಡುಕಿ. ಹಂದಿ ಇರಬೇಕಾದ ಕಡೆ ಆನೆ ಇದೆಯಾ? ಹಾಗಾದರೆ ಲಾನ್ನಾದ್ದು, ಅಲ್ಲಿನ ಲೆಕ್ಕದಲ್ಲಿ ಕೊನೆಯದು ಆನೆ ವರ್ಷ. ನನಗಂತೂ ಮುದ್ರೆಗಿಂತ ಈ ಆನೆ ಮೇಲೇ ನಂಬಿಕೆ.

ಕಪ್ಪು ಹಿನ್ನೆಲೆಯಲ್ಲಿ ನರ್ತಕಿ, ಹಿಂದೆ 'ಸಿಯಾಮ್ ಸ್ಟರ್ಲಿಂಗ್' ಅಂತಿದ್ದರೆ ಅದು ಬೇರೆ ಕವಲು. ಹೆಚ್ಚಿನವು 20ನೇ ಶತಮಾನದ ಮಧ್ಯದ ಪ್ರವಾಸಿ ಸರಕು.

ಈಗ ಅಲ್ಯೂಮಿನಿಯಂನಲ್ಲೂ ಇದೇ ಕೆಲಸ ಮಾಡುತ್ತಾರೆ. ಆಯಸ್ಕಾಂತ ಎರಡಕ್ಕೂ ಅಂಟಲ್ಲ. ಕೈಯಲ್ಲಿ ತೂಗಿ ನೋಡಿ, ಬೆಳ್ಳಿ ಸುಮಾರು ನಾಲ್ಕು ಪಟ್ಟು ಭಾರ. ಖಚಿತವಾಗಬೇಕಾದರೆ ಎಕ್ಸ್‌ರೇ ಬಿಟ್ಟು ಲೋಹ ಯಾವುದೆಂದು ಹೇಳೋ ಎಕ್ಸ್‌ಆರ್‌ಎಫ್ ಯಂತ್ರ ಇರೋ ಅಂಗಡಿಗೆ ಹೋಗಿ, ಒರೆಗಲ್ಲಿಗೆ ಉಜ್ಜಿಸಬೇಡಿ.

ತಂದ ಕೂಡಲೇ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಿಡಿದು ಕೂರಬೇಡಿ ಮಾರಾಯ್ರೆ! ಸಂದಿಯ ಕಪ್ಪೇ ಚಿತ್ರವನ್ನು ಎತ್ತಿ ತೋರಿಸೋದು. ಅಂಟುವಾಳದ ತಿಳಿನೀರಲ್ಲಿ ಮೆತ್ತಗೆ ತೊಳೆದು, ಹಳೇ ಪಂಚೆಯಲ್ಲಿ ಪೂರ್ತಿ ಒರೆಸಿ. ನಮ್ಮ ಮಳೆಗಾಲದ ತೇವಕ್ಕೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅವುಗಳಲ್ಲಿ ಗಂಧಕ ಇರುತ್ತದೆ.