ಡೈವೋರ್ಸ್ ಮಾತು ಎದ್ದಾಗ: ಆಪ್ತಸಮಾಲೋಚಕರ ಬಳಿ ಯಾವಾಗ, ಮಧ್ಯಸ್ಥಗಾರರ ಬಳಿ ಯಾವಾಗ

ತುಮಕೂರು ಸೀಮೆಯಲ್ಲಿ ಗಂಡ ಹೆಂಡತಿ ಬೇರೆಯಾಗುವ ಮಾತು ಎದ್ದರೆ ಮೊದಲು ಕೂರುವುದು ಪಂಚಾಯ್ತಿ. ಎರಡೂ ಕಡೆಯ ಯಜಮಾನರು, ಸೋದರಮಾವಂದಿರು, ಮದುವೆ ಕುದುರಿಸಿದವರು, ಜೊತೆಗೊಬ್ಬ ಮುಖಂಡ. ಎಲ್ಲರೂ ಮಾತಾಡುತ್ತಾರೆ, ಆ ಇಬ್ಬರನ್ನು ಬಿಟ್ಟು. ಕೊನೆಗೆ ಒಂದೋ "ಹೊಂದ್ಕೊಂಡು ಹೋಗಮ್ಮ" ಎಂಬ ಬುದ್ಧಿಮಾತು, ಇಲ್ಲವೇ ಛಾಪಾ ಕಾಗದದ ಮೇಲೊಂದು ಬಿಡುಗಡೆ ಪತ್ರ. ಆ ಪತ್ರದಿಂದ ಮದುವೆ ಮುರಿಯುವುದಿಲ್ಲ. ಸಮುದಾಯದಲ್ಲಿ ಅಂಥ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತಾಗದ ಹೊರತು, 1955ರ ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆ ಮುರಿಯಲು ನ್ಯಾಯಾಲಯದ ಡಿಕ್ರಿಯೇ, ಅಂದರೆ ವಿಚ್ಛೇದನದ ಆದೇಶವೇ ಬೇಕು. ಪತ್ರ ನಂಬಿ ಇನ್ನೊಂದು ಮದುವೆಯಾದವರು ಕ್ರಿಮಿನಲ್ ಕೇಸಿಗೆ ಸಿಕ್ಕಿಕೊಳ್ಳುತ್ತಾರೆ.

ಪಂಚಾಯ್ತಿ ಒಂದೇ ಏಟಿಗೆ ಮಾಡಲು ಹೋಗುವ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ಸಿಟ್ಟು, ದುಃಖ, ಮಕ್ಕಳ ಗಾಬರಿ ಆಪ್ತಸಮಾಲೋಚಕರ ಪಾಲು. ಹಣ, ಒಡವೆ, ಮಕ್ಕಳು ಯಾವ ದಿನ ಎಲ್ಲಿ ಎಂಬುದು ಮಧ್ಯಸ್ಥಗಾರರ ಪಾಲು. ಒಬ್ಬರೇ ಎರಡನ್ನೂ ಮಾಡಹೊರಟರೆ ಎರಡೂ ಕೆಡುತ್ತವೆ. ಮನಸ್ಸು ಬಿಚ್ಚಿ ಹೇಳಿಕೊಂಡವರ ಎದುರೇ ಜೀವನಾಂಶದ ಚೌಕಾಸಿಗೆ ಕೂರಲು ಯಾರಿಗೂ ಆಗುವುದಿಲ್ಲ.

ಸಮಾಲೋಚನೆ ಮೊದಲು ಏಕೆ

ಬೇರೆಯಾಗುವ ಯೋಚನೆ ಒಬ್ಬರ ಮನಸ್ಸಿನಲ್ಲಿ ಎರಡು ವರ್ಷದಿಂದ ಇರುತ್ತದೆ, ಇನ್ನೊಬ್ಬರಿಗೆ ಅದು ನಿನ್ನೆಯ ಸುದ್ದಿ. ಈ ಸ್ಥಿತಿಯಲ್ಲಿ ಮಾತುಕತೆಗೆ ಕೂರಿಸಿದರೆ ಎರಡನೆಯವರು ಎಲ್ಲದಕ್ಕೂ ಒಲ್ಲೆ ಎನ್ನುತ್ತಾರೆ, ಇಲ್ಲವೇ ಸಾಕಪ್ಪಾ ಎಂದು ಎಲ್ಲದಕ್ಕೂ ಸಹಿ ಹಾಕಿ ಮೂರು ತಿಂಗಳಿಗೆ ತಿರುಗಿಬೀಳುತ್ತಾರೆ. ಆದ್ದರಿಂದ ಒಳ್ಳೆಯ ಸಮಾಲೋಚಕರು ಮೊದಲ ಒಂದೆರಡು ಭೇಟಿಯಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ, ತಲಾ ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳುತ್ತಾರೆ: ನಿರ್ಧಾರ ಗಟ್ಟಿಯೇ? ಯಾರ ಒತ್ತಾಯದಿಂದ ಬಂದಿರಿ? ನಿದ್ದೆ, ಊಟ, ಕುಡಿತ ಹೇಗಿದೆ? ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ?

ಕೊನೆಯ ಪ್ರಶ್ನೆಯನ್ನು ಒಬ್ಬೊಬ್ಬರನ್ನೇ ಕೇಳದೆ ಜೋಡಿಯಾಗಿ ಕೇಳುವವರ ಬಳಿ ಎರಡನೇ ಸಲ ಹೋಗಬೇಡಿ. ಹೊಡೆಯುವವನು ಪಕ್ಕದಲ್ಲಿದ್ದರೆ ಉತ್ತರ ಯಾವಾಗಲೂ "ಇಲ್ಲ" ಎಂದೇ ಬರುತ್ತದೆ. ಹಿಂಸೆ ಇದ್ದರೆ ಮಧ್ಯಸ್ಥಿಕೆ ಪಕ್ಕಕ್ಕಿರಲಿ. ಮೊದಲು 181 ಮಹಿಳಾ ಸಹಾಯವಾಣಿ, ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ. ಹೆದರಿದವರು ಒಪ್ಪಿದ ರಾಜಿ, ರಾಜಿಯಲ್ಲ.

ಸಮಾಲೋಚಕರನ್ನು ಹುಡುಕುವುದು ಹೇಗೆ? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಕೋಚವಿಲ್ಲದೆ ಕೇಳಿ. ಹಣದ ಅಡಚಣೆ ಇದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಮಕ್ಕಳಿಗೆ ಹೇಳುವುದು

ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಹೇಳಬೇಕು, ಹತ್ತು ನಿಮಿಷದಲ್ಲಿ ಮುಗಿಸಬೇಕು. ಪರೀಕ್ಷೆಯ ವಾರ, ಹಬ್ಬದ ಹಿಂದಿನ ದಿನ, ಮಲಗುವ ಹೊತ್ತು ಬೇಡ. ಶನಿವಾರ ಮಧ್ಯಾಹ್ನ ಒಳ್ಳೆಯದು. ಮರುದಿನ ರಜೆ ಇರುವುದರಿಂದ ಮಗು ಮತ್ತೆ ಮತ್ತೆ ಬಂದು ಕೇಳಬಹುದು. ಇಷ್ಟು ಮಾತು ಸಾಕು: "ನಾವಿಬ್ರೂ ಇನ್ಮೇಲೆ ಬೇರೆ ಬೇರೆ ಮನೇಲಿ ಇರ್ತೀವಿ. ನೀನು ಏನೋ ಮಾಡಿದ್ದಕ್ಕೆ ಹಿಂಗಾಗಿಲ್ಲ. ಸ್ಕೂಲು ಇದೇ. ಭಾನುವಾರ ಅಪ್ಪನ ಜೊತೆ ಇರ್ತೀಯ." ತಪ್ಪು ಯಾರದು ಎಂಬ ವಿವರಣೆ ಮಗುವಿಗೆ ಬೇಕಿಲ್ಲ. ಅಪ್ಪ ದುಬೈಗೆ ಹೋಗಿದ್ದಾರೆ ಎಂಬ ಸುಳ್ಳು ಅಜ್ಜಿಯರ ಅಚ್ಚುಮೆಚ್ಚಿನದು, ಆದರೆ ಶಾಲೆಯಲ್ಲಿ ಯಾರೋ ಒಬ್ಬರು ನಿಜ ಹೇಳಿಯೇ ಹೇಳುತ್ತಾರೆ.

ನಾಲ್ಕೈದು ವರ್ಷದೊಳಗಿನ ಮಗು ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದಿರುವುದು ಸಾಮಾನ್ಯ. ಆರರಿಂದ ಹತ್ತರವರೆಗಿನವರು ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡು, ಮಾರ್ಕ್ಸ್ ಚೆನ್ನಾಗಿ ತೆಗೆದರೆ ಇಬ್ಬರೂ ಒಂದಾಗುತ್ತಾರೆಂದು ಕಾಯುತ್ತಾರೆ. ಹೈಸ್ಕೂಲಿನವರು ಪಕ್ಷ ಹಿಡಿಯುತ್ತಾರೆ. ಇವುಗಳಲ್ಲಿ ಯಾವುದಾದರೂ ಒಂದೆರಡು ತಿಂಗಳಾದರೂ ಇಳಿಯದಿದ್ದರೆ, ಅಥವಾ ಮಗು ಸಾಯುವ ಮಾತಾಡಿದರೆ ಅಂದೇ, ಸಮಾಲೋಚಕರ ಬಳಿ ಕರೆದೊಯ್ಯಿರಿ. ಮಗುವಿಗೆ ಚಿಕಿತ್ಸೆ ಕೊಡುವವರಿಂದಲೇ "ಮಗು ತಾಯಿ ಬಳಿ ಇರಲಿ" ಎಂಬ ಪತ್ರ ಬರೆಸಿ ಕೋರ್ಟಿಗೆ ಹಾಕಬೇಡಿ. ಅಲ್ಲಿಂದ ಮುಂದೆ ಆ ಮಗು ಅವರ ಹತ್ತಿರ ಬಾಯಿ ಬಿಡುವುದಿಲ್ಲ.

ಮಧ್ಯಸ್ಥಿಕೆಗೆ ಹೋಗುವುದು

ಎರಡು ದಾರಿ. ಕೇಸು ಹಾಕಿದ್ದರೆ ನ್ಯಾಯಾಧೀಶರೇ ಕಳಿಸುತ್ತಾರೆ. ಮೊದಲು ರಾಜಿಗೆ ಯತ್ನಿಸುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನಂತೆ ಅವರ ಕರ್ತವ್ಯ. ಕೇಸಿಗೆ ಮೊದಲಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ, ಮಧುಗಿರಿ, ತಿಪಟೂರಿನಂಥ ಕಡೆ ತಾಲ್ಲೂಕು ಸಮಿತಿಗೋ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕೋಣೆಯೊಳಗೆ ಮೊದಲು ಇಬ್ಬರಿಗೂ ನಿಯಮ ಹೇಳುತ್ತಾರೆ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಾರೆ. ಅಲ್ಲಿ ಹೇಳಿದ್ದನ್ನು ನೀವು ಒಪ್ಪದೆ ಆಚೆಯವರಿಗೆ ಹೇಳುವಂತಿಲ್ಲ. ಕೋರ್ಟಿಗೂ ಒಪ್ಪಂದವಾದರೆ ಒಪ್ಪಂದ, ಆಗದಿದ್ದರೆ "ಮಧ್ಯಸ್ಥಿಕೆ ವಿಫಲ" ಎಂಬ ಒಂದು ಸಾಲು, ಅಷ್ಟೇ ಹೋಗಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ, ಕೊಡಿ ಎಂದು ಕೇಳಲೂಬೇಡಿ. ಹಿರಿಯರು ಹೊರಗೆ ಬೆಂಚಿನ ಮೇಲೆ ಕೂರಲಿ, ಹಣದ ಮಾತು ಬಂದಾಗ ಒಳಗೆ ಬರಲಿ.

ಬರಿಗೈಯಲ್ಲಿ ಹೋದರೆ ಒಂದು ದಿನ ವ್ಯರ್ಥ. ಆರು ತಿಂಗಳ ಸಂಬಳ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಸಾಲದ ಕಾಗದ, ಶಾಲೆಯ ಫೀಸ್ ರಸೀದಿ, ಮದುವೆಯ ಫೋಟೊ ಆಲ್ಬಂ ಒಯ್ಯಿರಿ. ಆಲ್ಬಂ ಏಕೆಂದರೆ ಯಾವ ಒಡವೆ ಮೈಮೇಲಿತ್ತು ಎಂಬ ಜಗಳ ಅದರಲ್ಲೇ ಮುಗಿಯುತ್ತದೆ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕೆಂದು 2020ರ ರಜನೇಶ್ ವಿರುದ್ಧ ನೇಹಾ ತೀರ್ಪು ಹೇಳಿದೆ. ಅದನ್ನು ಮೊದಲೇ ತುಂಬಿಕೊಂಡರೆ ಮಾತು ಸಲೀಸು.

ಒಪ್ಪಂದ ಮುರಿಯುವ ಜಾಗಗಳು

ದೊಡ್ಡ ಮೊತ್ತದಲ್ಲಿ ಒಪ್ಪಂದ ಅಪರೂಪಕ್ಕೆ ಮುರಿಯುತ್ತದೆ. ಮುರಿಯುವುದು ಬರೆಯದೆ ಬಿಟ್ಟ ಸಣ್ಣ ವಿಷಯದಲ್ಲಿ.

ಜಮೀನು ಒಟ್ಟು ಕುಟುಂಬದ್ದು, ಪಹಣಿ ಮಾವನ ಹೆಸರಿನಲ್ಲಿ. ಗಂಡ ಹತ್ತು ಲಕ್ಷಕ್ಕೆ ಒಪ್ಪುತ್ತಾನೆ, ಕೊಡಬೇಕಾದವರು ಮಾವ. ಅವರನ್ನೂ ಒಪ್ಪಂದಕ್ಕೆ ಸಹಿ ಹಾಕಿಸದಿದ್ದರೆ ಆ ಹತ್ತು ಲಕ್ಷ ಕಾಗದದಲ್ಲೇ ಉಳಿಯುತ್ತದೆ. ತೆಂಗಿನ ತೋಟದವರಿಗೆ "ಪ್ರತಿ ತಿಂಗಳು 5ನೇ ತಾರೀಕು" ಎಂದು ಬರೆದರೂ ಹಾಗೆಯೇ. ಅಟ್ಟದ ಕೊಬ್ಬರಿ ತಿಪಟೂರಿನ ಹರಾಜಿಗೆ ಬಂದಾಗಲೇ ಕೈಗೆ ದುಡ್ಡು. ಅಂಥವರು ತಿಂಗಳಿಗೆ ಸಣ್ಣ ಮೊತ್ತ, ಕೊಬ್ಬರಿ ಮಾರಿದ ಮೇಲೆ ದೊಡ್ಡ ಕಂತು ಎಂದು ಬರೆಸುವುದು ವಾಸಿ. ಹಾಲಿನ ಡೇರಿಯ ಬಟವಾಡೆ ಯಾರ ಖಾತೆಗೆ ಬೀಳುತ್ತಿದೆ, ಇನ್ನು ಮುಂದೆ ಯಾರಿಗೆ, ಅದನ್ನೂ ಸೇರಿಸಿ.

ಒಡವೆ ಫೈನಾನ್ಸ್‌ನಲ್ಲಿ ಅಡವಿದ್ದರೆ "ಒಡವೆ ವಾಪಸ್ ಕೊಡತಕ್ಕದ್ದು" ಎಂಬ ಸಾಲು ಸಾಲದು. ಅಡವಿನ ರಸೀದಿ ಸಂಖ್ಯೆ, ಗ್ರಾಂ ತೂಕ, ಬಡ್ಡಿ ಯಾರು ಕಟ್ಟುತ್ತಾರೆ, ಯಾವ ತಾರೀಕಿನೊಳಗೆ ಬಿಡಿಸುತ್ತಾರೆ, ಎಲ್ಲ ಇರಬೇಕು.

ಮಕ್ಕಳ ಭೇಟಿಗೆ "ವಾರಕ್ಕೊಮ್ಮೆ" ಎಂದಷ್ಟೇ ಬರೆದರೆ ಪ್ರತಿ ವಾರ ಜಗಳ. ವಸಂತನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಅಪ್ಪನಿಗೆ ರಾತ್ರಿಪಾಳಿಯ ವಾರ ಯಾವುದು, ಹಗಲಿನದು ಯಾವುದು ನೋಡಿ ದಿನ, ಗಂಟೆ ಗೊತ್ತು ಮಾಡಿ. ಮೂರು ವರ್ಷದೊಳಗಿನ ಮಗುವಿಗೆ ತಿಂಗಳಿಗೊಮ್ಮೆ ಇಡೀ ದಿನಕ್ಕಿಂತ ವಾರಕ್ಕೆ ಎರಡು ಸಲ ಎರಡು ಮೂರು ಗಂಟೆ ಮೇಲು. ಅಷ್ಟು ಚಿಕ್ಕ ಮಗು ಮುಖ ಬೇಗ ಮರೆಯುತ್ತದೆ. ಒಬ್ಬರು ಪಾವಗಡ, ಇನ್ನೊಬ್ಬರು ತುಮಕೂರು ಎಂದಾದರೆ ವಾರದ ಭೇಟಿ ನಡೆಯದು. ಆಗ ದಸರಾ, ಬೇಸಿಗೆ ರಜೆಯಲ್ಲಿ ಅರ್ಧರ್ಧ, ಉಳಿದ ದಿನ ಹೋಂವರ್ಕ್ ಆದ ಮೇಲೆ ಹದಿನೈದು ನಿಮಿಷ ವಿಡಿಯೊ ಕಾಲ್. ಮಗುವನ್ನು ಒಪ್ಪಿಸುವ ಜಾಗ ಪೊಲೀಸ್ ಠಾಣೆ ಆಗದಿರಲಿ, ಇಬ್ಬರಿಗೂ ಒಪ್ಪಿಗೆಯಾದ ನೆಂಟರ ಮನೆ ಆಗಲಿ. ಯುಗಾದಿ ಯಾರ ಮನೆಯಲ್ಲಿ, ಗೌರಿ ಹಬ್ಬ ಯಾರ ಮನೆಯಲ್ಲಿ, ಟಿಸಿಗೆ ಯಾರ ಸಹಿ, ಅದೂ ಬರಲಿ. ಇನ್ನೊಂದು ಮಾತು: ಮಗುವಿನ ಜೀವನಾಂಶವನ್ನು ತಾಯಿ "ಬೇಡ" ಎಂದು ಬರೆದುಕೊಟ್ಟರೂ ಆ ಹಕ್ಕು ಮಗುವಿನದು, ತಾಯಿ ಬಿಟ್ಟುಕೊಡಲು ಬರುವುದಿಲ್ಲ.

ಕೋರ್ಟಿನ ಲೆಕ್ಕ, ಹಣದ ಕಂತು

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದಾಗ ಒಪ್ಪಿಗೆಯಿದೆ ಎಂದು ಕೋರ್ಟಿನಲ್ಲಿ ಇಬ್ಬರ ಮೊದಲ ಹೇಳಿಕೆ, ಅರ್ಜಿ ಹಾಕಿ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಎರಡನೇ ಹೇಳಿಕೆ. ಮಧ್ಯಸ್ಥಿಕೆ ನಡೆದು, ಜೀವನಾಂಶ, ಮಕ್ಕಳ ವಿಷಯ ಇತ್ಯರ್ಥವಾಗಿ, ಒಂದೂವರೆ ವರ್ಷ ಆಗಲೇ ಬೇರೆಯಿದ್ದರೆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ತೆರೆಯಿತು.

ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಹಾಗಾಗಿ ಪೂರ್ತಿ ಹಣ ಮೊದಲೇ ಕೊಡುವುದೂ ತಪ್ಪು, ಎಲ್ಲವನ್ನೂ ಕೊನೆಗಿಡುವುದೂ ತಪ್ಪು. ಸಹಿಯ ದಿನ ಒಂದು ಭಾಗ, ಮೊದಲ ಹೇಳಿಕೆಗೆ ಇನ್ನೊಂದು, ಉಳಿದದ್ದು ಕೊನೆಯ ಹೇಳಿಕೆಯ ದಿನ ಡಿಡಿಯಲ್ಲಿ. ನಗದು ಬೇಡ.

ವರದಕ್ಷಿಣೆ ಕಿರುಕುಳದ ಕೇಸು, ಅಂದರೆ ಹಳೆಯ ಐಪಿಸಿಯ 498ಎ, ಈಗಿನ ಭಾರತೀಯ ನ್ಯಾಯಸಂಹಿತೆಯ 85ನೇ ಕಲಮು, ಇದ್ದರೆ ರಾಜಿಪತ್ರ ತೋರಿಸಿದ ಮಾತ್ರಕ್ಕೆ ಅದು ಮುಚ್ಚುವುದಿಲ್ಲ. ರದ್ದತಿಗೆ ಹೈಕೋರ್ಟಿಗೆ ಹೋಗಬೇಕು. ಅರ್ಜಿ ಯಾರು ಹಾಕುತ್ತಾರೆ, ಬೆಂಗಳೂರಿನ ವಕೀಲರ ಫೀಸು ಯಾರದು, ಹೆಂಡತಿ ಯಾವ ದಿನದೊಳಗೆ ಒಪ್ಪಿಗೆಯ ಅಫಿಡವಿಟ್ ಕೊಡುತ್ತಾರೆ ಎಂಬುದನ್ನು ಕೊನೆಯ ಕಂತಿನ ಜೊತೆಗೇ ಜೋಡಿಸಿ ಬರೆಸಿಕೊಳ್ಳಿ.