ಅಪ್ಪ ಗಡಿಗೆ ಹೋದಾಗ ಮಗುವಿಗೊಂದು ನೋಟ್‌ಬುಕ್ ಕೊಡಿ

ಸೈನ್ಯದಲ್ಲಿ ಅಪ್ಪ ಇರುವ ಮನೆಯವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದಾಗ ನನ್ನ ತಮ್ಮ ರಜೆಯಲ್ಲಿದ್ದ. ತಕ್ಷಣ ವಾಪಸ್ ಹೊರಟ. ನಮ್ಮೂರು ಆಳಂದದ ಹತ್ತಿರ. ಅವನ ಎಂಟು ವರ್ಷದ ಮಗನಿಗೆ ನಾವು "ಅಪ್ಪ ನಾಳೆ ಬರ್ತಾನೆ" ಅಂದೆವು. ಅದೇ ತಪ್ಪಾಯಿತು. ಪ್ರತಿ ಬಸ್ಸಿಗೂ ಓಡಿಹೋಗಿ ನಿಲ್ಲುತ್ತಿದ್ದ. ಕೊನೆಗೆ "ಯಾವಾಗ ಬರ್ತಾನೋ ನಮಗೂ ಗೊತ್ತಿಲ್ಲ" ಅಂತ ನಿಜ ಹೇಳಿದೆವು. ಅತ್ತ. ಆದರೆ ಬಸ್ ಕಾಯುವುದು ಬಿಟ್ಟ.

ಫೋನ್ ಬಂದರೆ ಎರಡೇ ನಿಮಿಷ. "ಹೇಗಿದ್ದೀಯಾ" ಅಂದರೆ ಹುಡುಗ ಸುಮ್ನೆ ನಿಲ್ಲುತ್ತಿದ್ದ. ಅದಕ್ಕೇ ನೋಟ್‌ಬುಕ್ ಕೊಟ್ಟೆವು. ಕರು ಎಷ್ಟು ಬೆಳೆಯಿತು, ಮಿರಗದ ಮಳೆ ಯಾವತ್ತು ಬಂತು, ತೊಗರಿ ಎಷ್ಟು ಸಾಲು ಬಿತ್ತಿದರು, ಕಾರ ಹುಣ್ಣಿಮೆಗೆ ಎತ್ತಿನ ಕೋಡಿಗೆ ಯಾವ ಬಣ್ಣ, ಎಲ್ಲಾ ಬರೆದ. ಫೋನ್ ಬಂದಾಗ ಅದನ್ನೇ ಓದುತ್ತಿದ್ದ. ಒಂದು ಪುಟ 56 ಎಪಿಒ ಅನ್ನುವ ಸೈನ್ಯದ ಅಂಚೆ ವಿಳಾಸಕ್ಕೂ ಹೋಯಿತು.

ಕರುವಿಗೆ ನೀರು ಕುಡಿಸುವುದು ಅವನ ಕೆಲಸ. ಅಷ್ಟೇ ಸಾಕು. "ಇನ್ಮೇಲೆ ನೀನೇ ಮನೆ ಯಜಮಾನ" ಅನ್ನುವ ಹಿರಿಯರ ಬಾಯಿ ದಯವಿಟ್ಟು ಮುಚ್ಚಿಸಿ!

ಮಗುವಿನ ಮುಂದೆ ಯುದ್ಧದ ಸುದ್ದಿ ಹಾಕಬೇಡಿ. ಅಪ್ಪ ಇರುವ ಜಾಗ ಸ್ಟೇಟಸ್‌ನಲ್ಲಿ ಹಾಕಲೇಬೇಡಿ. ಮೇ 10ಕ್ಕೆ ಕದನ ನಿಂತರೂ ಇವನು ರಾತ್ರಿ ಬೆಚ್ಚಿಬೀಳುವುದು ನಿಂತಿರಲಿಲ್ಲ. ಹಾಗೇ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.