ಬೆಳಿಗ್ಗೆ ಐದಕ್ಕೆ ಲಾಡ್ಜ್ ಬಾಗಿಲಲ್ಲಿ

ನಾನು ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುವವನು. ಅಕ್ಕಿಯೊಳಗಿನ ಕಪ್ಪು ಕಾಳನ್ನು ಕ್ಯಾಮೆರಾದಲ್ಲಿ ಹಿಡಿದು, ಗಾಳಿ ಊದಿ ಹೊರಗೆ ಹಾರಿಸುವ ಯಂತ್ರ ಇದೆಯಲ್ಲ, ಅದು. ಗಂಗಾವತಿ, ಸಿಂಧನೂರು, ರಾಯಚೂರು, ದಾವಣಗೆರೆ, ಹೀಗೆ ತಿಂಗಳಿಗೆ ಎರಡು ಮೂರು ಸಲ ತಿರುಗಾಟ. ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಆ ಊರು. ಗಿರಣಿ ಮಾಲೀಕರು ಬರುವುದು ಒಂಬತ್ತೂವರೆಗೆ. ನಡುವಿನ ನಾಲ್ಕು ಗಂಟೆ ಎಲ್ಲಿರುವುದು ಎಂಬುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ಮೊದಲ ಪಾಠಕ್ಕೆ 900 ರೂಪಾಯಿ ಫೀಸು ಕಟ್ಟಿದೆ. ಬೆಳಿಗ್ಗೆ ಐದಕ್ಕೆ ಒಂದು ಊರಿನ ಲಾಡ್ಜಿಗೆ ಹೋದೆ. ಹುಡುಗ ಕಣ್ಣುಜ್ಜುತ್ತಾ ಎದ್ದು, ಒಂದೂ ಮಾತಾಡದೆ ಕೀಲಿ ಕೊಟ್ಟ. ಆಹಾ, ಎಂಥ ಒಳ್ಳೆ ಲಾಡ್ಜು ಅಂದುಕೊಂಡೆ. ಸ್ನಾನ ಮಾಡಿ, ಒಂದು ಗಳಿಗೆ ಮಲಗಿ, ಗಿರಣಿಗೆ ಹೋಗಿ ಸಂಜೆ ಆರಕ್ಕೆ ಬ್ಯಾಗ್ ತೆಗೆಯಲು ಬಂದರೆ ಎರಡು ದಿನದ ಬಿಲ್ಲು! ಜಗಳಕ್ಕೆ ನಿಂತೆ. ಮ್ಯಾನೇಜರ್ ಸುಮ್ನೆ ಗೋಡೆಯ ಕಡೆ ಕೈ ತೋರಿಸಿದರು. ‘ಚೆಕ್-ಔಟ್ ಮಧ್ಯಾಹ್ನ 12’ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಐದರಿಂದ ಹನ್ನೆರಡರವರೆಗೆ ಒಂದು ದಿನ, ಹನ್ನೆರಡರಿಂದಾಚೆ ಇನ್ನೊಂದು ದಿನ. ತಪ್ಪು ನನ್ನದೇ. ಯಾವ ಹೊತ್ತಿಗೂ ಒಳಗೆ ಬಿಡುವ ಲಾಡ್ಜು ಯಾವ ಹೊತ್ತಿಗೆ ಹೊರಗೆ ಹಾಕುತ್ತದೆ ಎಂದು ನಾನು ಕೇಳಿರಲಿಲ್ಲ.

ಆಮೇಲಿಂದ ‘24 ಗಂಟೆ ಚೆಕ್-ಔಟ್’ ಬೋರ್ಡಿರುವ ಲಾಡ್ಜನ್ನೇ ಹುಡುಕುತ್ತೇನೆ. ಬಸ್ ಸ್ಟ್ಯಾಂಡ್ ಸುತ್ತಮುತ್ತ ಇಂಥವು ಸಿಗುತ್ತವೆ. ಐದಕ್ಕೆ ಹೊಕ್ಕರೆ ಮರುದಿನ ಐದರವರೆಗೆ ರೂಮು ನಮ್ಮದು. ರಾತ್ರಿ ಹತ್ತರ ಬಸ್ಸಿಗೆ ವಾಪಸ್ ಹೊರಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಇದರಲ್ಲೂ ಒಂದು ಗಂಟಿದೆ. ಎರಡು ರಾತ್ರಿ ಉಳಿಯುವುದಿದ್ದರೆ, ಬೆಳಿಗ್ಗೆ ನಾಲ್ಕಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಿದವರು ಮೂರನೇ ದಿನ ಬೆಳಿಗ್ಗೆ ನಾಲ್ಕಕ್ಕೇ ಖಾಲಿ ಮಾಡಬೇಕು. ದಾವಣಗೆರೆ ಬಸ್ಸು ಸಾಮಾನ್ಯವಾಗಿ ಅಂಥ ಹೊತ್ತಿನಲ್ಲೇ ಇಳಿಸುತ್ತದೆ. ಆಗ ನಾನು ಲಾಡ್ಜಿಗೆ ಹೋಗುವುದೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲೇ ಎರಡು ಚಹಾ, ಒಂದು ಪೇಪರ್ ಮುಗಿಸಿ ಆರೂವರೆಗೆ ಸಹಿ ಹಾಕುತ್ತೇನೆ. ರಿಜಿಸ್ಟರಿನಲ್ಲಿ ಅವರು ಬರೆದ ಟೈಮನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳುವುದು ಒಳ್ಳೆಯದು. ನಿದ್ದೆಗಣ್ಣಿನ ಹುಡುಗ 6:30 ಅನ್ನು 5:30 ಮಾಡಿದ್ದೂ ಉಂಟು.

ದೊಡ್ಡ ಹೋಟೆಲುಗಳ ಲೆಕ್ಕವೇ ಬೇರೆ. ಹನ್ನೊಂದಕ್ಕೆ ಔಟ್, ಎರಡಕ್ಕೆ ಇನ್. ಇದೇನು ದುರಹಂಕಾರ ಎಂದು ಮೊದಲು ನನಗೂ ಸಿಟ್ಟು ಬರುತ್ತಿತ್ತು. ಒಮ್ಮೆ ರೂಮು ಸಿಗದೆ ಲಾಬಿಯಲ್ಲಿ ಕೂತಿದ್ದಾಗ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಒಬ್ಬರು ಲೆಕ್ಕ ಬಿಡಿಸಿ ಹೇಳಿದರು. ಮೂವತ್ತು ರೂಮು, ನಾಲ್ಕು ಹುಡುಗರು. ಹಾಸಿಗೆ ಬಟ್ಟೆ, ಬಾತ್‌ರೂಮು, ನೆಲ ಎಲ್ಲ ಸೇರಿ ಒಂದು ರೂಮಿಗೆ ಅರ್ಧ ಗಂಟೆ. ಎಲ್ಲರೂ ಹನ್ನೊಂದಕ್ಕೇ ಬಿಟ್ಟು ಹೋದರೆ ಕೊನೆಯ ರೂಮು ಮುಗಿಯುವಾಗ ಮೂರು ಗಂಟೆಯಾಗುತ್ತದೆ. ಗಿರಣಿಯಲ್ಲಿ ಬ್ಯಾಚ್ ಬದಲಾಯಿಸುವಾಗ ಮಿಷನ್ ಕ್ಲೀನ್ ಮಾಡುವ ನನಗೆ ಇದು ಬೇಗ ಅರ್ಥವಾಯಿತು.

ಹಾಗಾಗಿ ‘ಬೇಗ ರೂಮು ಕೊಡ್ತೀರಾ’ ಎಂದು ಈಗ ಕೇಳುವುದಿಲ್ಲ. ಅದಕ್ಕೆ ‘ನೋಡೋಣ ಸರ್’ ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ. ಬಸ್ ಹತ್ತುವ ಮುಂಚೆ, ರಾತ್ರಿ ಒಂಬತ್ತರ ಹೊತ್ತಿಗೆ ಫೋನ್ ಮಾಡಿ ‘ಇವತ್ತು ರಾತ್ರಿ ಎಷ್ಟು ರೂಮು ಖಾಲಿ ಉಳೀತಿದೆ?’ ಎಂದು ಕೇಳುತ್ತೇನೆ. ಐದಾರು ಖಾಲಿ ಅಂದರೆ, ಕ್ಲೀನಾಗಿ ಬೀಗ ಹಾಕಿಟ್ಟ ರೂಮು ಬೆಳಿಗ್ಗೆ ಆರಕ್ಕೂ ಸಿಗುತ್ತದೆ. ‘ಫುಲ್ ಸರ್, ಮದುವೆ ಪಾರ್ಟಿ ಇದೆ’ ಅಂದರೆ ದೇವರೇ ಬಂದರೂ ಹನ್ನೆರಡರ ಮುಂಚೆ ಇಲ್ಲ. ಆಗ ಬೇರೆ ಕಡೆ ನೋಡುತ್ತೇನೆ. ಹಳೇ ಲಾಡ್ಜುಗಳಲ್ಲಿ ಫೋನೂ ಬೇಡ, ಕೌಂಟರ್ ಹಿಂದಿನ ಹಲಗೆಯಲ್ಲಿ ಎಷ್ಟು ಕೀಲಿ ತೂಗುತ್ತಿವೆ ಎಂದು ಎಣಿಸಿದರೆ ಸಾಕು. ಕೀಲಿ ಇದ್ದ ಮಾತ್ರಕ್ಕೆ ರೂಮು ಕ್ಲೀನಾಗಿದೆ ಅಂತಲ್ಲ, ಅದನ್ನು ಬೇರೆ ಕೇಳಬೇಕು.

ತಾರೀಕಿನ ಗೊಂದಲ ಜಾಸ್ತಿ ಜನರಿಗೆ ಆಗುವಂಥದ್ದು. 15ನೇ ತಾರೀಕು ಬೆಳಿಗ್ಗೆ ಐದಕ್ಕೆ ತಲುಪಿ ನೇರ ರೂಮಿಗೆ ಹೋಗಬೇಕೆಂದರೆ ಮೊಬೈಲಿನಲ್ಲಿ 14ನೇ ತಾರೀಕಿಗೆ ಬುಕ್ ಮಾಡಬೇಕು. ಒಂದು ದಿನದ ದುಡ್ಡು ಜಾಸ್ತಿ, ನಿಜ. ಹಾಗೆ ಮಾಡಿದಾಗ ‘ನಾಳೆ ಬೆಳಗ್ಗೆ ಐದಕ್ಕೆ ಬರ್ತೀನಿ, ರೂಮು ಬೇರೆಯವರಿಗೆ ಕೊಡಬೇಡಿ’ ಎಂದು ಹೋಟೆಲಿಗೆ ಹೇಳಿಯೇ ಹೇಳಬೇಕು. ಇಲ್ಲದಿದ್ದರೆ ರಾತ್ರಿ ಹನ್ನೆರಡರವರೆಗೆ ಕಾದು, ಗಿರಾಕಿ ಬರಲಿಲ್ಲ ಎಂದು ಬುಕಿಂಗ್ ಹೊಡೆದುಹಾಕುತ್ತಾರೆ. ದುಡ್ಡೂ ಹೋಯಿತು, ರೂಮೂ ಹೋಯಿತು.

ಇಷ್ಟೆಲ್ಲ ಗೊತ್ತಿದ್ದ ನಾನೇ ಮನೆಯವರನ್ನು ಕರೆದುಕೊಂಡು ಹೋದಾಗ ಎಡವಿದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಬಂದು ಇಳಿದಾಗ ಬೆಳಿಗ್ಗೆ ಏಳರ ಮೇಲಾಗಿತ್ತು. ಜೊತೆಗೆ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಸಾಲು ರಜೆ ಬೇರೆ. ‘ಎರಡು ಗಂಟೆಗೆ ಸರ್’ ಎಂದು ರಿಸೆಪ್ಷನ್ ಹುಡುಗಿ ನಗುನಗುತ್ತಾ ಹೇಳಿದಳು. ಅಮ್ಮ ಸೋಫಾದ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಏನೂ ಹೇಳುತ್ತಿರಲಿಲ್ಲ. ಆಮೇಲೆ ಹೆಂಡತಿ ಕಿವಿಯಲ್ಲಿ ಹೇಳಿದಳು: ಅವರಿಗೆ ರೈಲಿನಲ್ಲಿ ಬಾತ್‌ರೂಮಿಗೆ ಹೋಗಲಾಗಿರಲಿಲ್ಲ, ಬಿಪಿ ಮಾತ್ರೆ ದೊಡ್ಡ ಸೂಟ್‌ಕೇಸಿನ ಅಡಿಯಲ್ಲಿತ್ತು.

ಲಾಬಿಯ ನಡುವೆಯೇ ಸೂಟ್‌ಕೇಸ್ ಬಿಚ್ಚಿದೆ. ಸೀರೆ, ಒಳಬಟ್ಟೆ, ಚಕ್ಕುಲಿ ಡಬ್ಬ ಎಲ್ಲ ಬಂದವರ ಕಣ್ಣಿಗೆ ಪ್ರದರ್ಶನ. ರೂಮು ಕೇಳುವುದು ಬಿಟ್ಟು ‘ಮುಖ ತೊಳೆಯಲು, ಬಟ್ಟೆ ಬದಲಾಯಿಸಲು ಜಾಗ ಇದೆಯಾ’ ಎಂದು ಕೇಳಿದೆ. ಈಜುಕೊಳದ ಪಕ್ಕ ಶವರ್ ಇರುವ ಎರಡು ಕೋಣೆಗಳಿದ್ದವು. ಅದನ್ನು ಅವರಾಗಿಯೇ ಹೇಳುವುದಿಲ್ಲ, ಕೇಳಿದರೆ ಇಲ್ಲ ಎನ್ನುವುದೂ ಇಲ್ಲ. ಲಗೇಜ್ ಅಲ್ಲೇ ಬಿಟ್ಟು ಚೀಟಿ ಇಸಕೊಂಡೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಆಟೋ ಹಿಡಿದು ಹಂಪಿಗೆ ಹೋದೆವು. ವಿರೂಪಾಕ್ಷ ಗುಡಿಯ ಲಕ್ಷ್ಮಿ ಆನೆ ಆಗಷ್ಟೇ ತುಂಗಭದ್ರೆಯಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿತ್ತು. ರೂಮು ಸಿಕ್ಕಿದ್ದರೆ ನಾವು ಆ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದೆವು, ಅಲ್ವಾ? ಒಂದು ಗಂಟೆಗೆ ವಾಪಸ್ ಬಂದಾಗ ರೂಮು ರೆಡಿ ಇತ್ತು.

ಅವತ್ತಿನಿಂದ ನಮ್ಮ ಮನೆಯಲ್ಲಿ ‘ಬೆಳಗಿನ ಚೀಲ’ ಅಂತ ಒಂದು ಬಟ್ಟೆ ಚೀಲ ಇದೆ. ಟವೆಲ್, ಬ್ರಷ್, ಒಂದೊಂದು ಜೊತೆ ಬಟ್ಟೆ, ಮಾತ್ರೆ, ಚಾರ್ಜರ್, ಎಲ್ಲರ ಆಧಾರ್ ಕಾರ್ಡ್. ದೊಡ್ಡ ಸೂಟ್‌ಕೇಸಿಗೆ ಬೀಗ. ಹೋಟೆಲಿನವರು ಲಗೇಜ್ ಇಟ್ಟುಕೊಳ್ಳದಿದ್ದರೆ ರೈಲ್ವೆ ಕ್ಲೋಕ್ ರೂಮ್ ಇರುವ ಕಡೆ ಇಡಬಹುದು, ಬೀಗವಿಲ್ಲದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ರೈಲು ಟಿಕೆಟ್ ಇದ್ದರೆ ಕೆಲವು ದೊಡ್ಡ ಸ್ಟೇಷನ್‌ಗಳಲ್ಲಿ ಪ್ರಯಾಣಿಕರು ತಂಗುವ ರಿಟೈರಿಂಗ್ ರೂಮನ್ನು 12 ಗಂಟೆಗಳ ಅವಧಿಗೆ ಬುಕ್ ಮಾಡಬಹುದು. ಅಮ್ಮನ ಜೊತೆ ಹೋಗುವಾಗ ಈಗ ಮೊದಲು ಅದನ್ನೇ ನೋಡುತ್ತೇನೆ.

ಇನ್ನು ಬಿಸಿನೀರು. ಬಹಳ ಲಾಡ್ಜುಗಳಲ್ಲಿ ‘ಬಿಸಿನೀರು 6ರಿಂದ 9’ ಎಂದು ಬಾಗಿಲ ಹಿಂದೆ ಅಂಟಿಸಿರುತ್ತಾರೆ. ಐದಕ್ಕೆ ರೂಮು ಸಿಕ್ಕವನ ಗತಿ ಗೊತ್ತಾಯಿತಲ್ಲ. ಸಿಂಧನೂರಿನಲ್ಲಿ ನಾನು ಖಾಯಂ ಇಳಿಯುವ ಲಾಡ್ಜಿನ ಹುಡುಗನಿಗೆ ಇದನ್ನು ಎಷ್ಟೋ ಸಲ ಹೇಳಿದ್ದೆ. ಹೋದ ತಿಂಗಳು ಬಸ್ಸಿನಲ್ಲಿ ಇನ್ನೂ ಕಣ್ಣು ಮುಚ್ಚಿರಲಿಲ್ಲ, ಅವನದೇ ಫೋನ್ ಬಂತು. ‘ಬಸ್ ಹತ್ತೀರೇನ್ರಿ ಸರ? ಒಲಿ ಮ್ಯಾಲೆ ಒಂದ್ ಬಕೀಟು ನೀರ್ ಇಡಸ್ತೀನ್ರಿ. ಲೇಟಾದ್ರ ಮತ್ತ ಫೋನ್ ಮಾಡ್ರಿ, ಆರಿ ಹೋಗ್ತಾವ.’